ತುತ್ತು ಇಳಿಯದಿದ್ದಾಗ

(ಎರ್ನಾಕುಳಂನಿಂದ ಆಲಪ್ಪುಳ ದಾರಿಯಾಗಿ ತಿರುವನಂತಪುರಕ್ಕೆ ಹೋಗುವ ರೈಲು. ಕುಂಬಳೆ ಕಡೆಯ ನಿವೃತ್ತ ಕನ್ನಡ ಮಾಸ್ತರರೊಬ್ಬರು ಪಾರ್ಶ್ವವಾಯುವಾಗಿ ಮಗಳ ಮನೆಯಲ್ಲಿ ಮಲಗಿರುವ ಅಣ್ಣನನ್ನು ನೋಡಲು ಹೊರಟಿದ್ದಾರೆ. ಜೊತೆಗಿರುವವಳು ಅವರ ತಂಗಿಯ ಮಗಳು. ಮೈಸೂರಿನಲ್ಲಿ ಓದಿ, ಕೊಚ್ಚಿಯಲ್ಲಿ ಮಾತಿನ ಮತ್ತು ನುಂಗುವ ತೊಂದರೆಗಳ ಚಿಕಿತ್ಸಕಿಯಾಗಿದ್ದಾಳೆ.)

ಮಾವ: ಅಣ್ಣನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ, ಮೂಗಿಗೆ ಟ್ಯೂಬ್ ಹಾಕಿದ್ದಾರೆ. ಅದಕ್ಕೆ ಕಾರಣ ಉಂಟು, ಮಿದುಳಿಗೆ ಪೆಟ್ಟಾಗಿದೆ. ನನಗೂ ಇಳಿಯುವುದಿಲ್ಲ, ಕಾರಣವೇ ಇಲ್ಲ. ಅವನಿಗೆ ಅನ್ನ ನೆತ್ತಿಗೇರಿ ಮುಖ ಕಪ್ಪಿಟ್ಟದ್ದನ್ನು ಕಣ್ಣಾರೆ ಕಂಡ ಮೇಲೆ ಶುರುವಾದದ್ದು. ಎಂಡೋಸ್ಕೋಪಿ ಆಯಿತು, ಬೇರಿಯಂ ಕುಡಿಸಿ ಎಕ್ಸ್-ರೇ ತೆಗೆದದ್ದೂ ಆಯಿತು. ‘ಏನೂ ಇಲ್ಲ ಮಾಷೇ, ಎಲ್ಲ ಮನಸ್ಸಿನದ್ದು, ಟೆನ್ಶನ್ ಬಿಡಿ’ ಅಂದು ಕಳಿಸಿದರು. ಬಿಡು ಅಂದಾಕ್ಷಣ ಬಿಡಲು ಬರುವುದಾದರೆ ನಾನು ಬಿಡುತ್ತಿರಲಿಲ್ಲವಾ? ನೇರ ಹೇಳು ಮಗಳೇ, ನನ್ನದು ಕಾಯಿಲೆಯಾ, ಕಲ್ಪನೆಯಾ?

ಸೊಸೆ: ಎರಡರಲ್ಲಿ ಒಂದನ್ನು ಹೇಳು ಅಂದರೆ ನನ್ನಿಂದಾಗದು ಮಾವ. ಪರೀಕ್ಷೆ ಮಾಡಿಸಿದ್ದು ಒಳ್ಳೆಯದೇ. ನುಂಗಲು ಕಷ್ಟ ಅಂತ ಯಾರೇ ಬಂದರೂ ಒಳಗೆ ಗಡ್ಡೆ, ಗಾಯ ಇಲ್ಲವೆಂದೂ ನಾಳ ಕಿರಿದಾಗಿಲ್ಲವೆಂದೂ ಮೊದಲು ಖಚಿತ ಮಾಡಿಕೊಳ್ಳಲೇಬೇಕು. ಮೊದಲು ರೊಟ್ಟಿ ಸಿಕ್ಕಿಕೊಂಡು, ಆಮೇಲೆ ಅನ್ನ, ಆಮೇಲೆ ಗಂಜಿ, ಹೀಗೆ ಹೆಚ್ಚುತ್ತಾ ಹೋದರೆ, ತೂಕ ಇಳಿದರೆ, ರಕ್ತ ಕಂಡರೆ, ಸ್ವರ ಒಡೆದು ವಾರಗಟ್ಟಲೆ ಸರಿಯಾಗದಿದ್ದರೆ ತಡ ಮಾಡಬಾರದು. ನಿಮಗೆ ಅವು ಯಾವುವೂ ಇಲ್ಲ. ಆದರೆ ಗಡ್ಡೆ ಇಲ್ಲ ಅನ್ನುವುದೂ ಏನೂ ಇಲ್ಲ ಅನ್ನುವುದೂ ಒಂದೇ ಅಲ್ಲ. ಎಂಡೋಸ್ಕೋಪಿಯಲ್ಲಿ ಕಾಣುವುದು ನಾಳದ ಗೋಡೆ. ಊಟಕ್ಕೆ ಕುಳಿತಾಗ ಗಂಟಲು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ಮಾವ: ಗಂಟಲಿಗೆ ಎಂತ ನಡತೆ?

ಸೊಸೆ: ಒಂದು ಕೆಲಸ ಮಾಡಿ. ಬಾಯಲ್ಲಿ ಏನೂ ಇಟ್ಟುಕೊಳ್ಳದೆ, ನೀರೂ ಕುಡಿಯದೆ, ಬೇಗ ಬೇಗ ಐದು ಸಲ ನುಂಗಿ ನೋಡಿ.

ಮಾವ: ಒಂದು... ಎರಡು... ಮೂರನೆಯದಕ್ಕೇ ಕಷ್ಟ. ನಾಲ್ಕನೆಯದು ಹೋಗುವುದೇ ಇಲ್ಲ ಮಾರಾಯ್ತಿ! ನಾನು ಹೇಳಿದ್ದು ಇದನ್ನೇ. ಗಂಟಲು ಕಟ್ಟಿತು.

ಸೊಸೆ: ನನಗೂ ಹೋಗುವುದಿಲ್ಲ. ಎದುರು ಸೀಟಿನಲ್ಲಿ ಪಳಂಪೊರಿ ತಿನ್ನುತ್ತಿರುವ ಆ ಹುಡುಗನಿಗೂ ಖಾಲಿ ಬಾಯಲ್ಲಿ ಹೋಗುವುದಿಲ್ಲ. ಎಂಜಲೋ ನೀರೋ ಅನ್ನವೋ, ಸ್ವಲ್ಪವಾದರೂ ಗಂಟಲ ಹಿಂಭಾಗಕ್ಕೆ ತಾಗದೆ ನುಂಗುವ ಕ್ರಿಯೆ ಸಲೀಸಾಗಿ ಶುರುವಾಗುವುದಿಲ್ಲ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್‌ವರೆಗೆ ಎಂಜಲು ಊರುತ್ತದೆ, ಅದನ್ನು ನೂರಾರು ಸಲ ಗೊತ್ತೇ ಆಗದ ಹಾಗೆ ನುಂಗುತ್ತಿರುತ್ತೇವೆ. ಗಂಟಲಲ್ಲಿ ಏನೋ ಸಿಕ್ಕಿದೆ ಅನ್ನಿಸಿದವರು ಅದು ಹೋಯಿತೋ ಇಲ್ಲವೋ ನೋಡಲು ದಿನವಿಡೀ ಖಾಲಿ ನುಂಗುತ್ತಾರೆ. ಎಂಜಲು ಆರುತ್ತದೆ, ಸ್ನಾಯು ಬಿಗಿಯುತ್ತದೆ, ಇಲ್ಲದ ಗಂಟು ಇದ್ದ ಹಾಗೆ ತೋರುತ್ತದೆ. ನಿಮ್ಮ ಗಂಟು ಉಣ್ಣುವಾಗ ಹೆಚ್ಚೋ, ಸುಮ್ಮನೆ ಕುಳಿತಾಗ ಹೆಚ್ಚೋ?

ಮಾವ: ಸುಮ್ಮನೆ ಕುಳಿತಾಗ. ಊಟದ ಹೊತ್ತಿಗೆ ಗಂಟು ಮರೆತುಹೋಗುತ್ತದೆ, ಆದರೆ ಹೆದರಿಕೆ ಬಂದು ಕೂರುತ್ತದೆ. ಬಾಯಲ್ಲಿ ತುತ್ತು ಇರುತ್ತದೆ, ಒಳಗೆ ತಳ್ಳಲು ನಾಲಿಗೆ ಒಪ್ಪುವುದಿಲ್ಲ.

ಸೊಸೆ: ನಾಲಿಗೆ ಒಪ್ಪುವುದಿಲ್ಲ ಅಂದಿರಲ್ಲ, ವಿಷಯ ಇರುವುದೇ ಅಲ್ಲಿ. ಜಗಿಯುವುದು, ಉಂಡೆ ಮಾಡುವುದು, ಹಿಂದಕ್ಕೆ ತಳ್ಳುವುದು, ಇಷ್ಟು ನಮ್ಮ ಇಷ್ಟಕ್ಕೆ ಬಿಟ್ಟದ್ದು. ಬೇಡವಾದರೆ ಉಗುಳಲೂ ಬಹುದು. ತುತ್ತು ಗಂಟಲು ಮುಟ್ಟಿತೋ, ಮುಂದಿನ ಯಜಮಾನಿಕೆ ಮಿದುಳಿನ ಕಾಂಡದ್ದು. ಅಂಗುಳದ ಹಿಂಭಾಗ ಏರಿ ಮೂಗಿನ ದಾರಿ ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಉಸಿರು ಕ್ಷಣ ನಿಲ್ಲುತ್ತದೆ, ಅನ್ನನಾಳದ ಬಾಯಿ ತೆರೆಯುತ್ತದೆ. ಮೂವತ್ತು ಜೊತೆಗೆ ಮೀರಿದ ಸ್ನಾಯುಗಳು, ಮಿದುಳಿನಿಂದ ನೇರ ಹೊರಡುವ ಐದು ಜೊತೆ ನರಗಳು ಸೇರಿ ಗಂಟಲಿನ ಈ ಕೆಲಸವನ್ನು ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಸುತ್ತವೆ. ಗಾಳಿಗೂ ಅನ್ನಕ್ಕೂ ಗಂಟಲು ಒಂದೇ ಆದ್ದರಿಂದ ಈ ಹೊಂದಾಣಿಕೆ ತಪ್ಪಿದರೆ ತುತ್ತು ಶ್ವಾಸನಾಳಕ್ಕೆ ಜಾರುತ್ತದೆ.

ಮಾವ: ಹಾಗಾದರೆ ಅರ್ಧ ನಮ್ಮದು, ಅರ್ಧ ತನ್ನಷ್ಟಕ್ಕೆ ನಡೆಯುವುದು.

ಸೊಸೆ: ಹೌದು, ಮತ್ತು ಆ ಎರಡು ಅರ್ಧಗಳು ಕೂಡುವ ಜಾಗದಲ್ಲೇ ಹೆಚ್ಚಿನ ತೊಂದರೆ. ನಮ್ಮ ಕಡೆಯ ಯಕ್ಷಗಾನದ ಚೆಂಡೆಯವರನ್ನು ನೆನಪು ಮಾಡಿಕೊಳ್ಳಿ. ಬಾರಿಸಲು ತೊಡಗುವುದು ಅವರ ಇಚ್ಛೆ. ಯುದ್ಧದ ಪದಕ್ಕೆ ಕಾಲ ಏರಿದ ಮೇಲೆ ಒಂದೊಂದು ಪೆಟ್ಟನ್ನೂ ಯೋಚಿಸಿ ಹಾಕಲು ಹೊರಟರೆ ಕೈ ತಪ್ಪುತ್ತದೆ. ಹೆದರಿಕೆ ಮಾಡುವುದು ಅದನ್ನೇ. ತನ್ನಷ್ಟಕ್ಕೆ ನಡೆಯಬೇಕಾದ್ದರ ಮೇಲೆ ಕಾವಲು ಕೂರುತ್ತದೆ.

ಮಾವ: ಕಡೆಗೆ ನೀನೂ ಮನಸ್ಸಿನದ್ದು ಅಂತಲೇ ಹೇಳಿದ ಹಾಗಾಯಿತು.

ಸೊಸೆ: ಇಲ್ಲ. ಹೆದರಿಕೆ ಮನಸ್ಸಿನಲ್ಲಿ ಹುಟ್ಟಿದರೂ ಅಲ್ಲೇ ಉಳಿಯುವುದಿಲ್ಲ. ಹೆದರಿದವನ ಬಾಯಿ ಒಣಗುವುದು ಕಲ್ಪನೆಯಲ್ಲ, ನರಗಳು ಎಂಜಲು ಗ್ರಂಥಿಗೆ ಕೊಟ್ಟ ಆಜ್ಞೆ. ಒಣ ಬಾಯಲ್ಲಿ ಉಂಡೆ ಕೂಡುವುದಿಲ್ಲ. ದವಡೆ ಬಿಗಿಯುತ್ತದೆ. ಒತ್ತಡಕ್ಕೆ ಒಳಗಾದವರ ಅನ್ನನಾಳದ ಮೇಲ್ಬಾಯಿ ಹೆಚ್ಚು ಬಿಗಿಯಾಗುವುದನ್ನು ತೆಳು ನಳಿಕೆ ಇಳಿಸಿ ಅಳೆದೇ ತೋರಿಸಿದ್ದಾರೆ. ನಿಮ್ಮ ತೊಂದರೆ ನಿಮ್ಮ ಗಂಟಲಲ್ಲೇ ನಡೆಯುತ್ತಿದೆ. ‘ಎಲ್ಲ ಮನಸ್ಸಿನದ್ದು’ ಅನ್ನುವ ಮಾತಿನಿಂದ ಆಗಿರುವ ಅನಾಹುತವೂ ಕಡಿಮೆಯಲ್ಲ. ಅಕಲೇಸಿಯಾ ಅಂತ ಒಂದು ಕಾಯಿಲೆ ಇದೆ. ಅನ್ನನಾಳದ ಕೆಳಭಾಗದ ನರಕೋಶಗಳು ನಶಿಸಿ, ಹೊಟ್ಟೆಯ ಬಾಗಿಲು ಸಡಿಲವಾಗುವುದೇ ಇಲ್ಲ. ಗಟ್ಟಿ ಆಹಾರವೂ ನೀರೂ ಎದೆಯಲ್ಲಿ ನಿಲ್ಲುತ್ತವೆ. ಶುರುವಿನಲ್ಲಿ ಎಂಡೋಸ್ಕೋಪಿಯಲ್ಲಿ ಏನೂ ಕಾಣದಿರಬಹುದು. ನಾಳದ ಒತ್ತಡ ಅಳೆಯುವ ಪರೀಕ್ಷೆಯಾಗುವ ತನಕ ವರ್ಷಗಟ್ಟಲೆ ಗ್ಯಾಸ್ ಅಂತಲೋ ನರದೌರ್ಬಲ್ಯ ಅಂತಲೋ ಹೇಳಿಸಿಕೊಂಡು ಅಲೆದವರಿದ್ದಾರೆ. ಸ್ನಾಯುಗಳು ಬೇಗ ದಣಿಯುವ ಮಯಸ್ತೇನಿಯಾ ಅನ್ನುವ ಕಾಯಿಲೆಯಲ್ಲಿ ಬೆಳಗ್ಗೆ ಸರಿಯಿದ್ದ ಗಂಟಲು ಸಂಜೆಗೆ ಸೋಲುತ್ತದೆ. ಅದನ್ನೂ ನಾಟಕ ಅಂದವರಿದ್ದಾರೆ. ಹಾಗಾಗಿ ಲಕ್ಷಣ ಬದಲಾದರೆ ನೀವು ಮತ್ತೆ ಡಾಕ್ಟರ ಹತ್ತಿರ ಹೋಗಬೇಕು, ನಾಚಿಕೊಳ್ಳಬಾರದು.

ಮಾವ: ಸರಿ. ಈಗ ನನಗೆ ಔಷಧ?

ಸೊಸೆ: ಮೊದಲು ಹೇಳಿ, ಈಗ ಹೇಗೆ ಉಣ್ಣುತ್ತೀರಿ?

ಮಾವ: ಅನ್ನವನ್ನು ಹಿಟ್ಟಾಗುವ ತನಕ ಜಗಿಯುತ್ತೇನೆ. ಪ್ರತಿ ತುತ್ತಿಗೂ ಒಂದು ಗುಟುಕು ನೀರು. ಚಪಾತಿ, ದೋಸೆ ಬಿಟ್ಟೆ. ಮದುವೆ ಮನೆಗೆ ಹೋಗುವುದನ್ನೂ ಬಿಟ್ಟೆ, ಪಂಕ್ತಿಯಲ್ಲಿ ಕುಳಿತು ಎಲ್ಲರೆದುರು ಕೆಮ್ಮಿದರೆ? ಮನೆಯಲ್ಲೂ ಎಲ್ಲರದ್ದು ಮುಗಿದ ಮೇಲೆ ಒಬ್ಬನೇ ಅಡುಗೆಮನೆಯಲ್ಲಿ ಕೂರುತ್ತೇನೆ.

ಸೊಸೆ: ಈ ಒಂದೊಂದು ಉಪಾಯವೂ ಆ ಹೊತ್ತಿಗೆ ನೆಮ್ಮದಿ ಕೊಡುತ್ತದೆ. ಅದಕ್ಕೇ ಬಿಡಲು ಕಷ್ಟ. ನೀರು ಇತ್ತಲ್ಲ, ಅದರಿಂದ ಬಚಾವಾದೆ ಅಂತ ಮಿದುಳು ಲೆಕ್ಕ ಹಾಕುತ್ತದೆ. ನೀರಿಲ್ಲದೆಯೂ ಇಳಿಯುತ್ತಿತ್ತು ಅನ್ನುವುದನ್ನು ಕಲಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಉಸಿರುಗಟ್ಟೀತು ಅನ್ನುವ ಭಯದಿಂದ ಊಟ ಬಿಡುತ್ತಾ ಹೋಗಿ ಸೊರಗುವವರು ಮಕ್ಕಳಲ್ಲೂ ದೊಡ್ಡವರಲ್ಲೂ ಇದ್ದಾರೆ. 2013ರಲ್ಲಿ ಹೊರಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಇಂಥ ಭಯವನ್ನೂ ಒಳಗೊಂಡ ಊಟದ ತೊಂದರೆಯೊಂದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಇದಕ್ಕೆ ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಒಂದು ಪಟ್ಟಿ ಮಾಡೋಣ. ಬೇಯಿಸಿ ಹಿಸುಕಿದ ನೇಂದ್ರ ಬಾಳೆ, ಸಾಂಬಾರಿನಲ್ಲಿ ನೆನೆದ ಇಡ್ಲಿ, ಸಾರು ಅನ್ನ, ದೋಸೆ, ಚಪಾತಿ. ಎಲ್ಲಕ್ಕಿಂತ ಕೊನೆಗೆ ಪುಟ್ಟು, ಉದುರುದುರಾಗಿ ಬಾಯಲ್ಲಿ ಚದುರುವ ತಿಂಡಿ ಅದು. ಪ್ರತಿಯೊಂದಕ್ಕೂ ಎಷ್ಟು ಹೆದರಿಕೆ ಅಂತ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಕಡಿಮೆ ಹೆದರಿಕೆಯದ್ದರಿಂದ ತೊಡಗಿ, ತಿನ್ನುತ್ತಾ ತಿನ್ನುತ್ತಾ ಅಂಕ ಇಳಿದ ಮೇಲೆ ಮುಂದಿನದ್ದು. ಊಟಕ್ಕೆ ಮೊದಲು ಹೊಟ್ಟೆ ಉಬ್ಬುವ ಹಾಗೆ ನಿಧಾನ ಉಸಿರಾಡಿ. ಖಾಲಿ ನುಂಗಿ ಪರೀಕ್ಷಿಸುವುದು ಬೇಡ. ನೀರನ್ನು ಎರಡು ತುತ್ತಿಗೊಮ್ಮೆ, ಆಮೇಲೆ ಐದು ತುತ್ತಿಗೊಮ್ಮೆ ಮಾಡಿ. ಅಡುಗೆಮನೆಯಿಂದ ಎದ್ದು ಬಂದು ಎಲ್ಲರ ಜೊತೆ ಕುಳಿತುಕೊಳ್ಳಿ. ಈ ಥರ ಭಯಕ್ಕೆ ಚಿಕಿತ್ಸೆ ಕೊಡಬಲ್ಲ ಮನಶ್ಶಾಸ್ತ್ರಜ್ಞರೊಬ್ಬರ ಜೊತೆ ಸೇರಿ ಮಾಡಿದರೆ ಇನ್ನೂ ಒಳ್ಳೆಯದು.

ಮಾವ: ಮೊದಲು ಧೈರ್ಯ ತಂದುಕೊಳ್ಳಬೇಕು ಅನ್ನು.

ಸೊಸೆ: ಧೈರ್ಯಕ್ಕೆ ಕಾದರೆ ಅದು ಬರುವುದಿಲ್ಲ. ಹೆದರಿಕೊಂಡೇ ಉಣ್ಣಿ, ಉಂಡಷ್ಟು ಹೆದರಿಕೆ ಇಳಿಯುತ್ತದೆ.

ಮಾವ: ನನ್ನದು ಹಾಗಿರಲಿ. ಅಣ್ಣನ ಮಿದುಳಿನ ಒಂದು ಭಾಗವೇ ಸತ್ತಿದೆ. ವ್ಯಾಯಾಮ ಮಾಡಿದರೆ ಅದು ಬದುಕುತ್ತದಾ?

ಸೊಸೆ: ಸತ್ತದ್ದು ಬದುಕುವುದಿಲ್ಲ, ಉಳಿದದ್ದು ಕಲಿಯುತ್ತದೆ. ಸ್ಟ್ರೋಕ್ ಆದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಶುರುವಿನಲ್ಲಿ ನುಂಗಲು ತೊಂದರೆಯಾಗುತ್ತದೆ, ಅವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಹೇಗೆ ಅನ್ನುವುದನ್ನು 1990ರ ದಶಕದಲ್ಲಿ ಮ್ಯಾಂಚೆಸ್ಟರ್‌ನ ವೈದ್ಯ ಶಹೀನ್ ಹಮ್ದಿ ಮತ್ತು ಜೊತೆಗಾರರು ಕಂಡುಕೊಂಡರು. ತಲೆಯ ಮೇಲೆ ಕಾಂತದ ಸುರುಳಿ ಹಿಡಿದು ಮಿದುಳನ್ನು ಕೆಣಕಿ, ಗಂಟಲ ಸ್ನಾಯು ಎಷ್ಟು ಮಿಡಿಯುತ್ತದೆ ಅಂತ ಅಳೆದರು. ಗಂಟಲಿಗೆ ಮಿದುಳಿನ ಎರಡೂ ಬದಿಯಲ್ಲಿ ಜಾಗ ಇದೆ, ಆದರೆ ಒಂದು ಬದಿಯದ್ದು ದೊಡ್ಡದು. ದೊಡ್ಡ ಬದಿಗೆ ಪೆಟ್ಟಾದವರು ನುಂಗಲಾರದೆ ಹೋಗುತ್ತಾರೆ. ಮತ್ತೆ ನುಂಗಲು ಕಲಿತವರಲ್ಲಿ ಪೆಟ್ಟಾಗದ ಬದಿಯ ಜಾಗ ಹಿಗ್ಗಿತ್ತು.

ಮಾವ: ಅಂದರೆ ಇನ್ನೊಂದು ಬದಿ ಕೆಲಸ ವಹಿಸಿಕೊಂಡಿತು! ಅದಕ್ಕೆ ಕಲಿಸುವುದು ಹೇಗೆ?

ಸೊಸೆ: ನುಂಗಿಸಿಯೇ ಕಲಿಸಬೇಕು. ಅಮೆರಿಕದ ಜೆರಿ ಲೋಗ್‌ಮನ್ 1983ರಲ್ಲಿ ಬರೆದ ಪುಸ್ತಕ ನಮ್ಮ ಈ ವೃತ್ತಿಗೇ ತಳಪಾಯ. ನುಂಗುವಾಗ ಎಕ್ಸ್-ರೇ ವಿಡಿಯೊ ತೆಗೆದು, ತುತ್ತು ಎಲ್ಲಿ ತಪ್ಪುತ್ತದೆ ನೋಡಿ, ಆ ಜಾಗಕ್ಕೆ ತಕ್ಕ ಅಭ್ಯಾಸ ಕೊಡುವ ಕ್ರಮವನ್ನು ಅವರು ಬೆಳೆಸಿದರು. 1988ರಲ್ಲಿ ಸೂಸನ್ ಲ್ಯಾಂಗ್‌ಮೋರ್ ಮೂಗಿನಿಂದ ತೆಳು ಕ್ಯಾಮೆರಾ ಇಳಿಸಿ ನೋಡುವ ವಿಧಾನವನ್ನು ಪ್ರಕಟಿಸಿದರು. ಅದನ್ನು ಮಂಚದ ಪಕ್ಕಕ್ಕೇ ತರಬಹುದು. ಈಗ ನಿಮ್ಮ ಎರಡು ಬೆರಳನ್ನು ಗಂಟಲ ಮುಂದಿನ ಉಬ್ಬಿನ ಮೇಲೆ ಇಡಿ. ಒಂದು ಗುಟುಕು ನೀರು ಕುಡಿಯಿರಿ.

ಮಾವ: ಮೇಲೆ ಹಾರಿ ಕೆಳಗೆ ಬಂತು.

ಸೊಸೆ: ಇನ್ನೊಂದು ಗುಟುಕು. ಈ ಸಲ ಮೇಲೆ ಹೋದದ್ದನ್ನು ಕೆಳಗೆ ಬಿಡಬೇಡಿ, ಗಂಟಲ ಸ್ನಾಯುವಿನಿಂದಲೇ ಎತ್ತಿ ಹಿಡಿದುಕೊಳ್ಳಿ.

ಮಾವ: ಹಿಡಿಯಲು ಬರುತ್ತದೆ! ಕಷ್ಟ, ಆದರೆ ಬರುತ್ತದೆ.

ಸೊಸೆ: ತನ್ನಷ್ಟಕ್ಕೆ ನಡೆಯುವ ಅರ್ಧ ಅಂದೆವಲ್ಲ, ಅದರೊಳಕ್ಕೂ ಇಚ್ಛೆ ಇಷ್ಟು ಇಳಿಯಬಲ್ಲದು. ಇದಕ್ಕೆ ಮೆಂಡೆಲ್ಸನ್ ತಂತ್ರ ಅಂತ ಹೆಸರು. ಉಬ್ಬನ್ನು ಮೇಲೆ ಹಿಡಿದರೆ ಅನ್ನನಾಳದ ಬಾಯಿ ಇನ್ನೂ ಸ್ವಲ್ಪ ಹೊತ್ತು ತೆರೆದಿರುತ್ತದೆ. ಇನ್ನೊಂದು, ರೆಜಾ ಶೇಕರ್ 1997ರಲ್ಲಿ ಪ್ರಕಟಿಸಿದ್ದು. ಅಂಗಾತ ಮಲಗಿ, ಭುಜ ಎತ್ತದೆ, ಕಾಲಿನ ಬೆರಳು ಕಾಣುವಷ್ಟು ತಲೆ ಎತ್ತಿ ಒಂದು ನಿಮಿಷ ಹಿಡಿಯುವುದು. ಹಾಗೆ ಮೂರು ಸಲ, ಆಮೇಲೆ ಮೂವತ್ತು ಸಲ ಎತ್ತಿ ಇಳಿಸುವುದು. ದಿನಕ್ಕೆ ಮೂರು ಹೊತ್ತು, ಆರು ವಾರ. ಟ್ಯೂಬಿನಲ್ಲಿ ಆಹಾರ ಪಡೆಯುತ್ತಿದ್ದ ಚಿಕ್ಕ ಗುಂಪೊಂದು ಇದನ್ನು ಮಾಡಿ ಮತ್ತೆ ಬಾಯಲ್ಲಿ ಉಣ್ಣುವಂತಾದದ್ದು 2002ರಲ್ಲಿ ವರದಿಯಾಯಿತು. ಆದರೆ ಇದು ಎಲ್ಲರಿಗೂ ಹೊಂದುವುದಿಲ್ಲ, ಕುತ್ತಿಗೆ ನೋವಿದ್ದವರಿಗೆ ಸಲ್ಲದು. ಗದ್ದ ಎದೆಗೆ ತಾಗಿಸಿ ನುಂಗುವುದರಿಂದ ಕೆಲವರಿಗೆ ಒಳ್ಳೆಯದು, ಕೆಲವರಿಗೆ ಕೆಡುಕು. ವಿಡಿಯೊ ನೋಡಿ ಮನೆಯಲ್ಲಿ ಶುರು ಮಾಡುವ ವಿಷಯವಲ್ಲ.

ಮಾವ: ಅತ್ತಿಗೆ ಮೊನ್ನೆ ಫೋನಿನಲ್ಲಿ ಕೇಳಿದರು, ಬಾಯಿಗೆ ನಾಲ್ಕು ಚಮಚ ಗಂಜಿ ಕೊಡಲಾ ಅಂತ.

ಸೊಸೆ: ಬೇಡ ಅನ್ನಿ, ಪರೀಕ್ಷೆಯಾಗುವ ತನಕ ಬೇಡ. ಕಾಸರಗೋಡಾಗಲಿ ತಿರುವನಂತಪುರವಾಗಲಿ, ಹುಷಾರಿಲ್ಲದವರಿಗೆ ಎಲ್ಲರೂ ಮೊದಲು ಕೊಡುವುದು ಗಂಜಿ. ನಿಮ್ಮ ಅಣ್ಣನಂಥವರಿಗೆ ಅದೇ ಕಷ್ಟದ್ದು. ಒಂದೇ ಚಮಚದಲ್ಲಿ ತಿಳಿಯೂ ಅಗುಳೂ ಇರುತ್ತವೆ. ಅಗುಳನ್ನು ಜಗಿಯುತ್ತಿರುವಾಗಲೇ ತಿಳಿ ಗಂಟಲಿಗೆ ಹರಿದು, ಶ್ವಾಸನಾಳ ಮುಚ್ಚುವ ಮೊದಲೇ ಒಳಗೆ ಜಾರುತ್ತದೆ. ಬರೇ ನೀರೂ ಹಾಗೆಯೇ. ಗಂಟು ಕಟ್ಟದ ದಪ್ಪ ರಾಗಿ ಮಣ್ಣಿ ಎಷ್ಟೋ ಜನರಿಗೆ ಸಲೀಸು, ಆದರೆ ಅದೂ ನೋಡಿಯೇ ಕೊಡಬೇಕಾದ್ದು. ಇನ್ನೊಂದು ಸಂಗತಿ, ಕೆಮ್ಮು ಬರಲಿಲ್ಲ ಅಂದರೆ ಸರಿಯಾಗಿ ಇಳಿಯಿತು ಅಂತ ತಿಳಿಯಬೇಡಿ. ಗಂಟಲಿನ ಸ್ಪರ್ಶ ಮಂಕಾಗಿದ್ದರೆ ಆಹಾರ ಶ್ವಾಸಕೋಶಕ್ಕೆ ಹೋದರೂ ಕೆಮ್ಮು ಬರುವುದಿಲ್ಲ. ನುಂಗಿದ ಮೇಲೆ ಸ್ವರ ಗುಳುಗುಳು ಅಂದರೆ, ಆಗಾಗ ಜ್ವರ ಬಂದರೆ ಎಚ್ಚರ. ಟ್ಯೂಬ್ ಇದ್ದರೂ ದಿನಕ್ಕೆ ಎರಡು ಹೊತ್ತು ಬಾಯಿ, ಹಲ್ಲು ಸ್ವಚ್ಛ ಮಾಡಬೇಕು. ಎಂಜಲಿನ ಜೊತೆ ಕೆಳಗಿಳಿದು ನ್ಯುಮೋನಿಯಾ ತರುವುದು ಬಾಯಲ್ಲಿ ಬೆಳೆದ ರೋಗಾಣುಗಳೇ.

ಮಾವ: ಚಮಚ ಹತ್ತಿರ ತಂದರೆ ಅವನು ಹಲ್ಲು ಕಚ್ಚಿ ಹಿಡಿಯುತ್ತಾನಂತೆ. ಹಠ ಮಾಡುತ್ತಾರೆ ಅಂತ ನರ್ಸ್ ಹೇಳಿದರಂತೆ.

ಸೊಸೆ: ಅದು ಹಠವಾಗಿರಲಾರದು ಮಾವ. ಉಸಿರು ಕಟ್ಟಿದ್ದನ್ನು ದೂರದಿಂದ ಕಂಡ ನಿಮಗೇ ಚಪಾತಿ ಇಳಿಯುವುದಿಲ್ಲ. ಅದನ್ನು ಅನುಭವಿಸಿದವರಿಗೆ ಹೇಗಿರಬೇಡ? ಚಮಚ ಹಿಡಿದ ಅತ್ತೆಯ ಕೈ ನಡುಗುವುದೂ ಅವರಿಗೆ ಕಾಣುತ್ತದೆ. ನಿಮ್ಮ ಭಯ ಸ್ನಾಯುವಿಗೆ ಇಳಿಯಿತು, ಅವರ ನರದ ಪೆಟ್ಟು ಭಯವನ್ನು ಹುಟ್ಟಿಸಿತು. ಕ್ಯಾನ್ಸರಿಗೆ ಗಂಟಲಿನ ಮೇಲೆ ವಿಕಿರಣ ಚಿಕಿತ್ಸೆ ಪಡೆಯುವವರಲ್ಲೂ ಇದೇ ಕಥೆ. ತಿರುವನಂತಪುರದಲ್ಲಿ 1981ರಿಂದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಿದೆ, ಕೊಚ್ಚಿಯ ಅಮೃತಾದಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿಗೇ ದೊಡ್ಡ ವಿಭಾಗವಿದೆ. ಎಲೆಯಡಿಕೆ, ಹೊಗೆಸೊಪ್ಪು ಹಾಕಿ ಬಾಯಿ ಕೆಡಿಸಿಕೊಂಡವರು ನಮ್ಮೂರಿನಿಂದಲೂ ಅಲ್ಲಿಗೆ ಹೋಗುತ್ತಾರೆ. ವಿಕಿರಣದಿಂದ ಬಾಯಿ ಹುಣ್ಣಾಗುತ್ತದೆ, ನೋವಿಗೆ ಹೆದರಿ ನುಂಗುವುದನ್ನೇ ನಿಲ್ಲಿಸುತ್ತಾರೆ, ಬಳಸದ ಸ್ನಾಯು ಗಡುಸಾಗುತ್ತದೆ. ಹುಣ್ಣು ಮಾಯುವ ಹೊತ್ತಿಗೆ ನುಂಗುವುದೇ ಮರೆತಿರುತ್ತದೆ. ಹಾಗಾಗಿ ಚಿಕಿತ್ಸೆ ನಡೆಯುತ್ತಿರುವಾಗಲೇ, ನೋವಿಗೆ ಔಷಧ ಕೊಟ್ಟು, ಆದಷ್ಟು ನುಂಗಿಸಬೇಕು.

ಮಾವ: ಅಣ್ಣನ ಟ್ಯೂಬ್ ಬದಲಾಯಿಸಲು ನರ್ಸ್ ಮನೆಗೇ ಬರುತ್ತಾರೆ. ಆ ಮಟ್ಟಿಗೆ ಇಲ್ಲಿಯ ವ್ಯವಸ್ಥೆ ಮೆಚ್ಚಬೇಕು.

ಸೊಸೆ: ಮೆಚ್ಚಲೇಬೇಕು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ಉಪಶಾಮಕ ಆರೈಕೆ ಊರೂರಿಗೆ ಹಬ್ಬಿತು. 2008ರಲ್ಲಿ ಕೇರಳ ಸರ್ಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಪಂಚಾಯತಿಯ ನರ್ಸ್ ಮನೆ ಬಾಗಿಲಿಗೆ ಬರುವುದು ಅದರ ಫಲ. 2011ರ ಜನಗಣತಿಯಲ್ಲಿ ದೇಶದ ನೂರರಲ್ಲಿ ಸುಮಾರು 8.6 ಮಂದಿ ಅರವತ್ತು ದಾಟಿದವರಾದರೆ ಕೇರಳದಲ್ಲಿ 12.6. ಮುದುಕರು ಇಷ್ಟಿರುವ ನಾಡಿನಲ್ಲಿ ಮೂಗಿನ ಟ್ಯೂಬ್ ಬೀದಿಬೀದಿಯಲ್ಲಿ ಕಾಣುತ್ತದೆ. ನನ್ನ ತಕರಾರು ಒಂದೇ. ಟ್ಯೂಬ್ ಬದಲಾಯಿಸುವವರು ಮನೆಗೆ ಬರುತ್ತಾರೆ, ಟ್ಯೂಬ್ ತೆಗೆಯಲು ಕಲಿಸುವವರೂ ಬರಬೇಕು. ತಿರುವನಂತಪುರದ ಆಕ್ಕುಳಂನಲ್ಲಿ 1997ರಲ್ಲಿ ಶುರುವಾದ, ಇದೇ ವಿಷಯ ಕಲಿಸುವ ನಿಶ್ ಸಂಸ್ಥೆ, ಮೈಸೂರಿನಲ್ಲಿ 1965ರಿಂದ ಇರುವ ನಮ್ಮ ವಾಕ್ ಶ್ರವಣ ಸಂಸ್ಥೆ, ಇಂಥ ಕಡೆ ಓದಿ ಬಂದವರನ್ನು ಆಸ್ಪತ್ರೆಯ ಹೊರಗೂ ಕಳಿಸಬೇಕು. ಆಶಾ ಕಾರ್ಯಕರ್ತೆಗೆ, ಮನೆಯವರಿಗೆ ನಾಲ್ಕು ಪಾಠ ಹೇಳಿಕೊಡಬೇಕು. ನಿಮ್ಮ ಅಣ್ಣನಂಥ ಗಡಿನಾಡಿನವರಿಗೆ ಹೇಳಿಕೊಡುವುದು ಕನ್ನಡದಲ್ಲೇ ಆಗಬೇಕು. ಮಿದುಳು ದಣಿದಾಗ ಎರಡನೇ ಭಾಷೆಯ ಸೂಚನೆ ತಲೆಗೆ ಹೋಗುವುದು ಕಷ್ಟ.

ಮಾವ: ಎಷ್ಟು ಮಾಡಿದರೂ ಟ್ಯೂಬ್ ತೆಗೆಯಲು ಆಗದಿದ್ದರೆ?

ಸೊಸೆ: ಹಾಗೂ ಆಗುತ್ತದೆ. ಎಲ್ಲರೂ ಮರಳಿ ಉಣ್ಣುತ್ತಾರೆ ಅಂತ ನಾನು ಹೇಳಿದರೆ ಅದು ಸುಳ್ಳು. ಆಗಲೂ ನಾಲಿಗೆಗೆ ಒಂದು ಹನಿ ಬೆಲ್ಲದ ಪಾಕವೋ, ಬೆರಳಲ್ಲಿ ಒಂದಿಷ್ಟು ಉಪ್ಪಿನಕಾಯಿಯ ರಸವೋ ಸವರಬಹುದೇ ಅಂತ ಕೇಳಿ ಮಾಡಬಹುದು. ಮನೆಯವರು ಉಣ್ಣುವಾಗ ಅವರ ಮಂಚವನ್ನು ಅಲ್ಲಿಗೆ ಸರಿಸಬಹುದು. ಊಟದ ಹೊತ್ತಿನಲ್ಲಿ ಮನುಷ್ಯನನ್ನು ಒಳಕೋಣೆಯಲ್ಲಿ ಬಿಟ್ಟು ಬಾಗಿಲು ಎಳೆದುಕೊಳ್ಳುವುದು ಮಾತ್ರ ಬೇಡ.

ಮಾವ: ನಾಳೆ ಡಾಕ್ಟರ ಹತ್ತಿರ ನಾನು ಎಂತ ಕೇಳಲಿ? ಅವರ ಎದುರು ನಿಂತರೆ ನನಗೆ ಮಾತೇ ಹೊರಡುವುದಿಲ್ಲ.

ಸೊಸೆ: ಬರೆದುಕೊಳ್ಳಿ. ನುಂಗುವುದು ಯಾವ ಹಂತದಲ್ಲಿ ತಪ್ಪುತ್ತಿದೆ, ಅದನ್ನು ಕ್ಯಾಮೆರಾದಲ್ಲೋ ಎಕ್ಸ್-ರೇ ವಿಡಿಯೊದಲ್ಲೋ ನೋಡಿದ್ದೀರಾ? ಈಗ ಬಾಯಿಗೆ ಏನು ಕೊಡಬಹುದು, ಎಷ್ಟು ದಪ್ಪದ್ದು, ಹೇಗೆ ಕೂರಿಸಿ? ಯಾವ ಅಭ್ಯಾಸ ಮಾಡಿಸಬೇಕು, ದಿನಕ್ಕೆ ಎಷ್ಟು ಸಲ, ಮನೆಯವರಿಗೆ ಯಾರು ಕಲಿಸುತ್ತಾರೆ? ಟ್ಯೂಬ್ ತೆಗೆಯುವ ಬಗ್ಗೆ ಮತ್ತೆ ನೋಡುವುದು ಯಾವ ತಾರೀಕಿಗೆ? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗುವ ತನಕ ಕುರ್ಚಿಯಿಂದ ಏಳಬೇಡಿ. ಟ್ಯೂಬ್ ಹಾಕಿದ ದಿನವೇ ಅದನ್ನು ತೆಗೆಯುವ ಲೆಕ್ಕವೂ ಶುರುವಾಗಬೇಕಿತ್ತು. ಆಗಿಲ್ಲದಿದ್ದರೆ ನಾಳೆ ಆಗಲಿ.

ಮಾವ: ನನ್ನ ಬಗ್ಗೆ?

ಸೊಸೆ: ಅದಕ್ಕೆ ನಾಳೆಯ ತನಕ ಕಾಯುವುದು ಯಾಕೆ? ಕೊಲ್ಲಂ ಬರುತ್ತಿದೆ. ಇಡ್ಲಿ ತೆಗೆದುಕೊಳ್ಳೋಣ, ಇಬ್ಬರೂ ಜೊತೆಗೆ ತಿನ್ನೋಣ. ನೀರಿನ ಬಾಟಲಿ ನನ್ನ ಹತ್ತಿರ ಇರಲಿ.